ಮನೆಯೊಳಗಿನ ಗಾಳಿ ಮತ್ತು ಮೃಗಶಿರದ ಅತಿಥಿಗಳು

ಜೂನ್ ತಿಂಗಳ ಮೊದಲ ವಾರ ಕಳೆಯುತ್ತಿದ್ದಂತೆ ನಾಂಪಲ್ಲಿಯ ರೈಲು ನಿಲ್ದಾಣದಲ್ಲಿ ಕನ್ನಡದ ಮಾತು ಎಂದಿಗಿಂತ ಹೆಚ್ಚಾಗಿ ಕಿವಿಗೆ ಬೀಳತೊಡಗುತ್ತದೆ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್ ಕಡೆಯಿಂದ ಬಂದಿಳಿಯುವ ಕುಟುಂಬಗಳವು. ಅವರ ನಡುವೆ ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಳ್ಳುವ ವೃದ್ಧರೊಬ್ಬರೋ, ತಾಯಿಯ ಹೆಗಲಿಗೊರಗಿದ ಮಗುವೋ ಇರುವುದು ವಾಡಿಕೆ. ಮೃಗಶಿರಾ ಮಳೆ ಹೂಡುವ ದಿನ, ಅಂದರೆ ಜೂನ್ 8ರ ಆಸುಪಾಸಿನಲ್ಲಿ, ನಿಲ್ದಾಣಕ್ಕೆ ಸಮೀಪದ ನುಮಾಯಿಷ್ ಮೈದಾನದಲ್ಲಿ ಉಬ್ಬಸಕ್ಕೆಂದು ಮೀನಿನ ಮದ್ದು ಕೊಡುವ ಪದ್ಧತಿಯಿದೆ. ಬೆರಳುದ್ದದ ಜೀವಂತ ಮೀನಿನ ಬಾಯಲ್ಲಿ ಹಳದಿ ಬಣ್ಣದ ಮದ್ದನ್ನಿಟ್ಟು ನುಂಗಿಸುತ್ತಾರೆ. ಮೀನು ತಿನ್ನದವರಿಗೆ ಬೆಲ್ಲದಲ್ಲಿ ಕೊಡುವುದುಂಟು. 1845ರಿಂದ ಇದನ್ನು ನಡೆಸಿಕೊಂಡು ಬಂದಿರುವುದಾಗಿ ಮದ್ದು ಕೊಡುವ ಕುಟುಂಬದವರು ಹೇಳುತ್ತಾರೆ. 1956ರವರೆಗೆ ನಮ್ಮ ಈ ಜಿಲ್ಲೆಗಳೆಲ್ಲ ಹೈದರಾಬಾದ್ ರಾಜ್ಯದಲ್ಲಿದ್ದವು. ಆಸ್ಪತ್ರೆಗೂ ಕಚೇರಿಗೂ ಮದುವೆಯ ಜವಳಿಗೂ ಇಲ್ಲಿಗೇ ಬರುತ್ತಿದ್ದ ರೂಢಿ ಇಂದಿಗೂ ಪೂರ್ತಿಯಾಗಿ ಬಿಟ್ಟುಹೋಗಿಲ್ಲ. ಹೀಗಾಗಿ ನಿಲ್ದಾಣದ ಸುತ್ತಮುತ್ತ ವಾಸಿಸುವ ನಮ್ಮಂತಹ ಕನ್ನಡದ ಮನೆಗಳಿಗೆ ಮೃಗಶಿರವೆಂದರೆ ಅತಿಥಿಗಳ ಕಾಲ.

ಕೋವಿಡ್ ಕಾರಣದಿಂದ 2020ರಿಂದ ಮೂರು ವರ್ಷ ನಿಂತಿದ್ದ ಮದ್ದಿನ ವಿತರಣೆ 2023ರ ಜೂನ್‌ನಲ್ಲಿ ಮತ್ತೆ ಆರಂಭವಾಯಿತು. ಆ ವರ್ಷ ನಮ್ಮ ಎರಡು ಕೋಣೆಯ ಮನೆಗೆ ಕಲಬುರಗಿ ಕಡೆಯಿಂದ ಐವರು ಬಂಧುಗಳು ಬಂದರು. ಅವರಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬನಿಗೆ ದಮ್ಮು. ನಮ್ಮ ಸೀಮೆಯಲ್ಲಿ ಉಬ್ಬಸಕ್ಕೆ ಹಾಗೆನ್ನುವುದೇ ರೂಢಿ. ಅತಿಥಿ ಸತ್ಕಾರದಲ್ಲಿ ನಾವು ಯಾವ ಕೊರತೆಯನ್ನೂ ಮಾಡಲಿಲ್ಲ. ಸೊಳ್ಳೆ ಬರುತ್ತವೆಂದು ಸಂಜೆ ಆರಕ್ಕೇ ಕಿಟಕಿಗಳನ್ನೆಲ್ಲ ಮುಚ್ಚಿದೆವು. ದೇವರ ಮುಂದೆ ಊದುಬತ್ತಿ ಹಚ್ಚಿ, ಮನೆಯ ಮೂಲೆಮೂಲೆಗೂ ಸಾಂಬ್ರಾಣಿಯ ಧೂಪ ತೋರಿಸಿದೆವು. ಎಂಟು ಮಂದಿಯ ಅಡುಗೆಗೆ ಒಣಮೆಣಸಿನಕಾಯಿಯ ಒಗ್ಗರಣೆ ಬಿತ್ತು. ಎಲ್ಲರೂ ಕೆಮ್ಮಿದರು, ಎಲ್ಲರೂ ನಕ್ಕರು. ಮಲಗುವಾಗ ಹುಡುಗನಿಗೆ ಸೊಳ್ಳೆ ಕಚ್ಚದಿರಲೆಂದು ಅವನ ಹಾಸಿಗೆಯ ಬಳಿ ಸೊಳ್ಳೆಬತ್ತಿಯನ್ನು ಒಂದರ ಬದಲು ಎರಡು ಹಚ್ಚಿಟ್ಟೆವು. ಹಿಂದಿನ ಬೇಸಿಗೆಯಿಂದ ತೊಳೆಯದೆ ಇದ್ದ ಕೂಲರನ್ನು ಅವನ ಕಡೆಗೇ ತಿರುಗಿಸಿದೆವು.

ರಾತ್ರಿ ಎರಡರ ಹೊತ್ತಿಗೆ ಹುಡುಗ ಎದ್ದು ಕುಳಿತಿದ್ದ. ಎರಡೂ ಕೈಗಳನ್ನು ಮಂಡಿಗೆ ಊರಿ, ಭುಜಗಳನ್ನು ಮೇಲೆತ್ತಿ ಉಸಿರೆಳೆಯುತ್ತಿದ್ದ. ಎದೆಯಿಂದ ಸಿಳ್ಳೆಯಂತಹ ಸದ್ದು ಬರುತ್ತಿತ್ತು. ಇನ್ಹೇಲರು ಚೀಲದ ತಳದಲ್ಲಿತ್ತು. ಅದನ್ನು ಹುಡುಕಿ ಕೊಟ್ಟು, ಬಾಲ್ಕನಿಯ ಬಾಗಿಲು ತೆರೆದು ಅವನನ್ನು ಹೊರಗೆ ಕೂರಿಸಿಕೊಂಡೆವು. ಅರ್ಧ ಗಂಟೆಯಲ್ಲಿ ಅವನ ಉಸಿರು ಹದಕ್ಕೆ ಬಂತು. ನೀರು ತರಲೆಂದು ನಾವು ಒಳಗೆ ಹೋದಾಗ, ಹೊರಗಿನ ಗಾಳಿಯಿಂದ ಒಳಗೆ ಕಾಲಿಟ್ಟ ಆ ಕ್ಷಣದಲ್ಲಿ, ನಮ್ಮ ಮನೆಯ ವಾಸನೆ ಮೊದಲ ಬಾರಿಗೆ ನಮ್ಮ ಮೂಗಿಗೆ ಬಡಿಯಿತು. ಹೊಗೆ, ಎಣ್ಣೆ, ಕೂಲರಿನ ಮುಗ್ಗಲು, ಎಂಟು ಮಂದಿಯ ಉಸಿರು. ಗಂಟೆಗಟ್ಟಲೆ ಅದರೊಳಗೇ ಕುಳಿತಿದ್ದವರಿಗೆ ಅದು ತಿಳಿದಿರಲಿಲ್ಲ. ಮೂಗು ಕೆಲವೇ ನಿಮಿಷಗಳಲ್ಲಿ ವಾಸನೆಗೆ ಒಗ್ಗಿಕೊಳ್ಳುತ್ತದೆ, ಶ್ವಾಸನಾಳ ಒಗ್ಗಿಕೊಳ್ಳುವುದಿಲ್ಲ.

ಮೀನಿನ ಮದ್ದಿನ ಬಗ್ಗೆ ವಾದಕ್ಕಿಳಿಯುವುದು ಈ ಬರಹದ ಉದ್ದೇಶವಲ್ಲ. ಅದರ ಗುಣವು ವೈದ್ಯವಿಜ್ಞಾನ ಒಪ್ಪುವಂತಹ ಪರೀಕ್ಷೆಗಳಿಂದ ಸಿದ್ಧಪಟ್ಟಿಲ್ಲವೆಂಬುದನ್ನು ಮಾತ್ರ ಹೇಳಬೇಕು. ಮತ್ತು ಸಾಲಿನಲ್ಲಿ ನಿಲ್ಲುವವರು ವೈದ್ಯರು ಬರೆದುಕೊಟ್ಟ ಇನ್ಹೇಲರನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು. ನಮ್ಮನ್ನು ಆ ರಾತ್ರಿ ಕಾಡಿದ್ದು ಬೇರೆಯದೇ ಪ್ರಶ್ನೆ. ಉಸಿರಿನ ಚಿಕಿತ್ಸೆಗೆಂದು ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದಿಂದ ಬಂದ ಮಗುವಿಗೆ ನಾವು ಎಂತಹ ಗಾಳಿಯನ್ನು ಉಸಿರಾಡಲು ಕೊಟ್ಟೆವು?

ಈ ಪ್ರಶ್ನೆ ಒಂದು ಮನೆಯದಲ್ಲ. ಬೆಂಗಳೂರಿನ ಶಿಶುವೈದ್ಯ ಡಾ. ಎಚ್. ಪರಮೇಶ್ ಅವರು ತಮ್ಮ ಆಸ್ಪತ್ರೆಗೆ ಬಂದ ಮಕ್ಕಳನ್ನು ಕುರಿತು ನಡೆಸಿದ ದೀರ್ಘ ಅಧ್ಯಯನದಲ್ಲಿ, ಉಬ್ಬಸವಿದ್ದ ಮಕ್ಕಳ ಪ್ರಮಾಣ 1979ರಲ್ಲಿ ಶೇಕಡಾ 9 ಇದ್ದದ್ದು 1999ರ ಹೊತ್ತಿಗೆ ಶೇಕಡಾ 29.5ಕ್ಕೆ ಏರಿತ್ತು. ನಗರದ ಗಾಳಿಯ ಮಾತು ಬಂದಾಗ ನಾವೆಲ್ಲರೂ ವಾಹನಗಳತ್ತ ಬೆರಳು ತೋರಿಸುತ್ತೇವೆ. ಅದು ತಪ್ಪೂ ಅಲ್ಲ. ಆದರೆ ಚಿಕ್ಕ ಮಕ್ಕಳು, ಮುದುಕರು, ಮನೆವಾರ್ತೆ ನೋಡಿಕೊಳ್ಳುವ ಹೆಂಗಸರು ದಿನದ ಬಹುಭಾಗವನ್ನು ಕಳೆಯುವುದು ನಾಲ್ಕು ಗೋಡೆಗಳ ನಡುವೆ.

ಗಾಳಿಯ ಮಾಲಿನ್ಯವನ್ನು ಅಳೆಯುವವರು ಮುಖ್ಯವಾಗಿ ನೋಡುವುದು ಪಿಎಂ 2.5 ಎಂಬ ಕಣಗಳನ್ನು. ಎರಡೂವರೆ ಮೈಕ್ರಾನಿಗಿಂತ ಕಿರಿದಾದ ಇವು ತಲೆಗೂದಲಿನ ದಪ್ಪದ ಇಪ್ಪತ್ತನೆಯ ಒಂದು ಭಾಗಕ್ಕಿಂತಲೂ ಸಣ್ಣವು. ಮೂಗಿನ ಕೂದಲಿಗಾಗಲಿ ಗಂಟಲಿನ ಲೋಳೆಗಾಗಲಿ ಸಿಗದೆ ಶ್ವಾಸಕೋಶದ ಆಳದವರೆಗೆ ಇಳಿಯುತ್ತವೆ. ದಿನದ ಸರಾಸರಿ ಘನಮೀಟರಿಗೆ 15 ಮೈಕ್ರೋಗ್ರಾಮ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿತು. 2009ರಲ್ಲಿ ನಿಗದಿಯಾದ ಭಾರತದ ಮಾನದಂಡದಲ್ಲಿ ಈ ಮಿತಿ 60. ಇವೆರಡೂ ಬೀದಿಯ ಗಾಳಿಗೆ ಮಾತ್ರವೆಂದು ಜನ ತಿಳಿಯುತ್ತಾರೆ. ಕಣಕ್ಕೆ ಒಳಗು ಹೊರಗಿನ ಭೇದವಿಲ್ಲ, ಶ್ವಾಸಕೋಶಕ್ಕೂ ಇಲ್ಲ.

ನಮ್ಮ ಮನೆಯಲ್ಲಿ ಆ ಕಣಗಳ ಮೊದಲ ಮೂಲ ಸೊಳ್ಳೆಬತ್ತಿ. ಒಂದು ಸೊಳ್ಳೆಬತ್ತಿ ಪೂರ್ತಿ ಉರಿದಾಗ ಹೊರಬೀಳುವ ಪಿಎಂ 2.5ರ ತೂಕ 75ರಿಂದ 137 ಸಿಗರೇಟುಗಳ ಹೊಗೆಯಲ್ಲಿರುವಷ್ಟು ಎಂದು 2003ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಲೆಕ್ಕ ಹಾಕಿತ್ತು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಸೊಳ್ಳೆಯನ್ನು ಓಡಿಸುವ ರಾಸಾಯನಿಕ ಆ ಬತ್ತಿಯಲ್ಲಿ ನೂರಕ್ಕೆ ಒಂದು ಪಾಲೂ ಇರುವುದಿಲ್ಲ; ಉಳಿದದ್ದೆಲ್ಲ ಮರದ ಹುಡಿ, ತೆಂಗಿನ ಚಿಪ್ಪಿನ ಪುಡಿ, ಅಂಟು ಮತ್ತು ಬಣ್ಣ. ಅಂದರೆ ರಾತ್ರಿಯಿಡೀ ಮಗುವಿನ ತಲೆದಿಂಬಿನ ಬಳಿ ಒಂದು ಪುಟ್ಟ ಸೌದೆ ಒಲೆಯನ್ನು ಉರಿಸಿದಂತೆ. ಮನೆಯಲ್ಲಿ ಯಾರಾದರೂ ಒಂದು ಸಿಗರೇಟು ಹಚ್ಚಿದರೆ ಗದರಿ ಹೊರಗಟ್ಟುವ ನಾವು ಎರಡು ಸೊಳ್ಳೆಬತ್ತಿಗಳನ್ನು ನಮ್ಮ ಕೈಯಾರೆ ಹಚ್ಚಿದ್ದೆವು.

ಹಾಗೆಂದು ಸೊಳ್ಳೆಯನ್ನು ಹಗುರವಾಗಿ ಕಾಣುವಂತಿಲ್ಲ, ಅದರಲ್ಲೂ ಈ ಊರಿನಲ್ಲಿ. ಮಲೇರಿಯಾದ ಸೂಕ್ಷ್ಮಜೀವಿ ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುವುದನ್ನು ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಕಂಡುಹಿಡಿದದ್ದು ನಮ್ಮ ಪಕ್ಕದ ಸಿಕಂದರಾಬಾದಿನಲ್ಲೇ. ಡೆಂಗಿಯ ಭಯ ಪ್ರತಿ ಮಳೆಗಾಲವೂ ಇದ್ದೇ ಇದೆ. ಆದ್ದರಿಂದ ಪರಿಹಾರ ಹೊಗೆಯಿಲ್ಲದ್ದಾಗಿರಬೇಕು. ಕಿಟಕಿಗೆ ಜಾಲರಿ, ಮಂಚಕ್ಕೆ ಸೊಳ್ಳೆಪರದೆ. ಅಜ್ಜಿಯ ಕಾಲದ ಈ ಎರಡು ವಸ್ತುಗಳಿಗೆ ಸಮನಾದುದನ್ನು ಅಂಗಡಿಯವರು ಇನ್ನೂ ತಂದಿಲ್ಲ. ವಿದ್ಯುತ್ತಿಗೆ ಸಿಕ್ಕಿಸುವ ದ್ರವದ ಉಪಕರಣದಲ್ಲಿ ಹೊಗೆ ಇಲ್ಲವೆಂಬುದು ನಿಜವಾದರೂ ಕೀಟನಾಶಕದ ಆವಿ ಇದ್ದೇ ಇರುತ್ತದೆ. ಉಬ್ಬಸದವರಿರುವ ಕೋಣೆಯಲ್ಲಿ ಮುಚ್ಚಿದ ಬಾಗಿಲಿನ ಹಿಂದೆ ಅದೂ ಬೇಡ. ಜಾಲರಿ ಹಾಕಿಸಿದ ಮೇಲೆ ಇನ್ನೊಂದು ಲಾಭವೂ ಆಯಿತು. ಸಂಜೆ ಕಿಟಕಿ ಮುಚ್ಚುವ ಅಗತ್ಯವೇ ತಪ್ಪಿತು. ಇಡೀ ಕಥೆಯಲ್ಲಿ ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಇದೊಂದೇ.

ಊದುಬತ್ತಿ ಮತ್ತು ಸಾಂಬ್ರಾಣಿಯ ವಿಷಯ ಇದಕ್ಕಿಂತ ಸೂಕ್ಷ್ಮವಾದುದು. ಮೈಸೂರಿನ ಊದುಬತ್ತಿಯ ಪರಿಮಳವಿಲ್ಲದ ಕನ್ನಡದ ಮನೆಯನ್ನು ಕಲ್ಪಿಸಿಕೊಳ್ಳುವುದು ಕಷ್ಟ. ನಾಂಪಲ್ಲಿಯಲ್ಲಂತೂ ಯೂಸುಫೈನ್ ದರ್ಗಾದ ಸುತ್ತ ಲೋಬಾನದ ಧೂಪವೇ ಆ ಓಣಿಗಳ ಗುರುತು. ಸಾಂಬ್ರಾಣಿ ಮತ್ತು ಲೋಬಾನ ಒಂದೇ ಮರದ ಅಂಟಿನ ಎರಡು ಹೆಸರುಗಳು. ಆದರೆ ಒಂದು ಗ್ರಾಮ್ ಊದುಬತ್ತಿ ಉರಿದಾಗ 45 ಮಿಲಿಗ್ರಾಮಿಗಿಂತ ಹೆಚ್ಚು ಕಣಗಳು ಬರುತ್ತವೆ, ಒಂದು ಗ್ರಾಮ್ ಸಿಗರೇಟಿನಿಂದ ಬರುವುದು ಸುಮಾರು 10 ಮಿಲಿಗ್ರಾಮ್ ಎಂದು 2008ರ ವೈದ್ಯಕೀಯ ಸಮೀಕ್ಷೆಯೊಂದು ಹೇಳಿದೆ. ಪರಿಮಳವಿದ್ದ ಮಾತ್ರಕ್ಕೆ ಹೊಗೆ ಹೊಗೆಯಲ್ಲದೆ ಹೋಗುವುದಿಲ್ಲ. ಪೂಜೆಯನ್ನು ಬಿಡಿ ಎಂದು ನಾವು ಯಾರಿಗೂ ಹೇಳಲಾರೆವು, ನಾವೂ ಬಿಟ್ಟಿಲ್ಲ. ಹಳೆಯ ದೇವಾಲಯಗಳಲ್ಲಿ ಧೂಪಾರತಿ ನಡೆಯುವುದು ಎತ್ತರದ ಮಂಟಪದಲ್ಲಿ, ತೆರೆದ ಪ್ರಾಕಾರದ ಎದುರಿಗೆ ಎಂಬುದನ್ನು ಮಾತ್ರ ನೆನಪಿಸಬಯಸುತ್ತೇವೆ. ಎಂಟಡಿ ಚೌಕದ, ಕಿಟಕಿಯಿಲ್ಲದ ದೇವರ ಕೋಣೆಗೆ ಆ ಪದ್ಧತಿಯನ್ನು ಹಾಗೆಯೇ ತಂದಾಗ ಅದರ ಅಳತೆಯನ್ನು ಕಿರಿದು ಮಾಡಬೇಕಲ್ಲವೇ? ನಮ್ಮ ಮನೆಯಲ್ಲಿ ಈಗ ತುಪ್ಪದ ದೀಪ, ಹೂವು. ಒಂದು ಊದುಬತ್ತಿ, ಅದೂ ಕಿಟಕಿಯ ಬದಿಯಲ್ಲಿ. ಸಾಂಬ್ರಾಣಿಗೆ ಬಾಲ್ಕನಿ.

ಇನ್ನು ಅಡುಗೆಮನೆ. ನಮ್ಮಲ್ಲಿ ಹಲವರ ಬಾಲ್ಯದ ಅಡುಗೆಮನೆ ಸೌದೆಯ ಹೊಗೆಯಿಂದ ಕಪ್ಪಾದದ್ದು. ಊದುಕೊಳವೆ ಹಿಡಿದು ಕಣ್ಣು ಕೆಂಪಾಗಿಸಿಕೊಂಡ ತಾಯಂದಿರ ಚಿತ್ರ ಮರೆಯುವಂತಹುದಲ್ಲ. ಇಂತಹ ಒಲೆಗಳ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಅಂದಾಜು 32 ಲಕ್ಷ ಸಾವುಗಳು ಸಂಭವಿಸಿದವೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಕೊಟ್ಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಆರಂಭವಾದ ಅಸ್ತ್ರ ಎಂಬ ವಿಭಾಗ ಈ ಕಷ್ಟಕ್ಕೆ ಉತ್ತರವಾಗಿಯೇ ಅಸ್ತ್ರ ಒಲೆಯನ್ನು ರೂಪಿಸಿತು. ಸೌದೆ ಕಡಿಮೆ ಬೇಡುವ, ಹೊಗೆಯನ್ನು ಕೊಳವೆಯ ಮೂಲಕ ಮಾಡಿನಾಚೆಗೆ ಕಳುಹಿಸುವ ಆ ಒಲೆ ಕರ್ನಾಟಕದ ಹಳ್ಳಿಗಳಲ್ಲಿ ಅನೇಕರಿಗೆ ಪರಿಚಿತ. ಅದರ ಹಿಂದಿನ ಯುಕ್ತಿ ಸರಳವಾದುದು. ಹೊಗೆ ಹುಟ್ಟುವುದು ಅನಿವಾರ್ಯವಾದರೆ ಅದು ಕೋಣೆಗೆ ಹರಡುವ ಮುನ್ನವೇ ಅದಕ್ಕೊಂದು ದಾರಿ ಮಾಡಿಕೊಡಬೇಕು.

ಗ್ಯಾಸ್ ಒಲೆ ಬಂದ ಮೇಲೆ ಈ ಪಾಠ ನಮಗೆ ಮರೆತಂತಿದೆ. ಗ್ಯಾಸಿನ ನೀಲಿ ಜ್ವಾಲೆಗೆ ಮಸಿಯಿಲ್ಲ, ನಿಜ. ಆದರೆ ಅದರಿಂದ ನೈಟ್ರೋಜನ್ ಡೈಆಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ, ಅದು ಉಬ್ಬಸವನ್ನು ಕೆರಳಿಸುತ್ತದೆ. ಅದಕ್ಕಿಂತ ಮಿಗಿಲಾಗಿ, ಕಾದ ಎಣ್ಣೆಯ ಹೊಗೆ ಯಾವ ಒಲೆಯ ಮೇಲಾದರೂ ಒಂದೇ. ಒಗ್ಗರಣೆಗೆ ಮನೆಯವರೆಲ್ಲ ಕೆಮ್ಮುವುದು ನಮಗೆ ನಗೆಯ ವಿಷಯ. ಶ್ವಾಸನಾಳಗಳ ಪಾಲಿಗೆ ಅದು ಎಚ್ಚರಿಕೆಯ ಗಂಟೆ. ಆದಕಾರಣ ಒಲೆ ಹಚ್ಚುವ ಮುನ್ನವೇ ಎಗ್ಸಾಸ್ಟ್ ಫ್ಯಾನನ್ನು ಹಾಕಿ, ಅಡುಗೆ ಮುಗಿದ ಹತ್ತು ಹದಿನೈದು ನಿಮಿಷಗಳ ನಂತರವೇ ಆರಿಸಬೇಕು. ಇಲ್ಲೊಂದು ಸಂಗತಿಯನ್ನು ಬಹಳ ಮಂದಿ ಗಮನಿಸುವುದಿಲ್ಲ. ಫ್ಯಾನು ಗಾಳಿಯನ್ನು ಹೊರಗೆ ತಳ್ಳಬೇಕಾದರೆ ಬೇರೆಡೆಯಿಂದ ಗಾಳಿ ಒಳಗೆ ಬರಬೇಕು. ಮನೆಯ ಕಿಟಕಿಗಳೆಲ್ಲ ಮುಚ್ಚಿದ್ದರೆ ಫ್ಯಾನು ಸದ್ದು ಮಾಡುತ್ತದೆಯೇ ಹೊರತು ಕೆಲಸ ಮಾಡುವುದಿಲ್ಲ. ಅಡುಗೆಮನೆಯ ಚಿಮಣಿ ಕೊಂಡವರು ಅದರ ಕೊಳವೆ ನಿಜವಾಗಿ ಗೋಡೆಯಾಚೆಗೆ ಹೋಗಿದೆಯೇ ಎಂದು ಒಮ್ಮೆ ನೋಡಿಕೊಳ್ಳುವುದು ಒಳಿತು. ಕೊಳವೆಯಿಲ್ಲದ ಬಗೆಯ ಚಿಮಣಿಗಳು ಎಣ್ಣೆಯನ್ನೂ ವಾಸನೆಯನ್ನೂ ಒಂದಿಷ್ಟು ಹಿಡಿದು, ಉಳಿದ ಗಾಳಿಯನ್ನು ಅಡುಗೆ ಮಾಡುವವರ ಮುಖಕ್ಕೇ ಹಿಂತಿರುಗಿಸುತ್ತವೆ.

ನಮ್ಮ ಕಡೆಯ ಮಾಳಿಗೆ ಮನೆಗಳನ್ನು ನೋಡಿದವರಿಗೆ ಬೆಳಕಿಂಡಿ ಗೊತ್ತು. ಮಣ್ಣಿನ ಮಾಳಿಗೆಯ ನಡುವೆ ಬಿಟ್ಟ ಆ ಕಂಡಿಯಿಂದ ಬೆಳಕು ಇಳಿಯುತ್ತಿತ್ತು, ಬಿಸಿಗಾಳಿ ಏರಿ ಹೋಗುತ್ತಿತ್ತು. ಮಳೆ ಬಂದಾಗ ಮಾತ್ರ ಅದನ್ನು ಮುಚ್ಚುತ್ತಿದ್ದರು. ಹೈದರಾಬಾದಿನ ಹಳೆಯ ಮನೆಗಳಲ್ಲೂ ಎತ್ತರದ ಚಾವಣಿ, ಬಾಗಿಲ ಮೇಲಿನ ಗವಾಕ್ಷಿ, ನಡುವೆ ಅಂಗಳ ಇರುತ್ತಿದ್ದವು. ಇವುಗಳನ್ನು ಕಟ್ಟಿದವರು ರಸಾಯನಶಾಸ್ತ್ರ ಓದಿರಲಿಲ್ಲ. ಅದನ್ನು ಓದಿದ ಮ್ಯೂನಿಕ್ ನಗರದ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಲ್ಲಿ ಇದೇ ಮಾತನ್ನು ಅಂಕಿಯಲ್ಲಿ ಹೇಳಿದ. ಮನುಷ್ಯರ ಉಸಿರಿನಿಂದ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ಸಾವಿರಕ್ಕೆ ಒಂದು ಪಾಲನ್ನು ಮೀರಿದರೆ ಆ ಕೋಣೆಯ ಗಾಳಿ ಕೆಟ್ಟಿದೆಯೆಂದು ತಿಳಿಯಬೇಕೆಂಬುದು ಅವನ ಸೂತ್ರ. ಹೊರಗಿನ ಗಾಳಿಯಲ್ಲಿ ಅದು ಈಗ ಹತ್ತು ಲಕ್ಷಕ್ಕೆ ಸುಮಾರು 425 ಪಾಲು. ಬಾಗಿಲು ಕಿಟಕಿ ಮುಚ್ಚಿ ಇಬ್ಬರು ಮೂವರು ಮಲಗಿದ ಕೋಣೆಯಲ್ಲಿ ಬೆಳಗಾಗುವಷ್ಟರಲ್ಲಿ ಅದು ಎರಡು ಸಾವಿರವನ್ನು ದಾಟುವುದು ಅಪರೂಪವಲ್ಲ. ಎದ್ದಾಗ ತಲೆ ಭಾರವೆನಿಸುವುದಕ್ಕೆ ನಾವು ನಿದ್ದೆಯನ್ನು ದೂರುತ್ತೇವೆ. ಹವಾನಿಯಂತ್ರಕವಿದೆಯಲ್ಲ ಎನ್ನುವವರಿಗೆ ಒಂದು ಮಾತು. ಗೋಡೆಗೆ ತೂಗುಹಾಕುವ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ತರುವುದೇ ಇಲ್ಲ. ಒಳಗಿರುವುದನ್ನೇ ಮತ್ತೆ ಮತ್ತೆ ತಂಪು ಮಾಡುತ್ತದೆ. ಮಲಗುವ ಕೋಣೆಯ ಬಾಗಿಲನ್ನು ಒಂದಂಗುಲ ತೆರೆದಿಟ್ಟರೂ ವ್ಯತ್ಯಾಸವಿದೆ.

ನಾಂಪಲ್ಲಿಯಲ್ಲಿ ಕಿಟಕಿ ತೆರೆದರೆ ಬರುವುದು ಬಸ್ಸಿನ ಹೊಗೆಯಲ್ಲವೇ ಎಂಬ ಆಕ್ಷೇಪ ನಮ್ಮ ಮನೆಯಲ್ಲೂ ಎದ್ದಿತು. ನ್ಯಾಯವಾದ ಆಕ್ಷೇಪವೇ. ಚಳಿಗಾಲದ ಮುಂಜಾನೆ ನೆಲದ ಬಳಿಯ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಪದರವೊಂದು ಮುಚ್ಚಳದಂತೆ ಕುಳಿತುಬಿಡುತ್ತದೆ. ರಸ್ತೆಯ ಹೊಗೆ ಮೇಲೇರದೆ ಮಹಡಿಗಳ ಮಟ್ಟದಲ್ಲೇ ನಿಲ್ಲುತ್ತದೆ. ಬಿಸಿಲು ಬಲಿತು ನೆಲ ಕಾದ ಮೇಲೆ ಆ ಮುಚ್ಚಳ ಒಡೆದು ಗಾಳಿ ಚದುರುತ್ತದೆ. ಆದ್ದರಿಂದ ನವೆಂಬರಿನಿಂದ ಫೆಬ್ರವರಿಯವರೆಗೆ ನಾವು ರಸ್ತೆಯ ಕಡೆಯ ಕಿಟಕಿಗಳನ್ನು ಬೆಳಗಿನ ವಾಹನದ ಹೊತ್ತಿನಲ್ಲಿ ಮುಚ್ಚಿ, ಹನ್ನೊಂದರ ಮೇಲೆ ಸಂಜೆಯವರೆಗೆ ಎದುರುಬದುರಿನ ಎರಡು ಕಿಟಕಿಗಳನ್ನು ತೆರೆದಿಡುತ್ತೇವೆ. ಒಂದೇ ಕಿಟಕಿ ತೆರೆದರೆ ಗಾಳಿ ಇಣುಕುತ್ತದೆ. ಎರಡು ತೆರೆದರೆ ಹರಿಯುತ್ತದೆ. ಅಡುಗೆಯ ಹೊತ್ತಿನಲ್ಲಿ ಮಾತ್ರ ಕಾಲ ಯಾವುದಾದರೂ ತೆರೆಯಲೇಬೇಕು, ಏಕೆಂದರೆ ಆಗ ಒಳಗಿನ ಗಾಳಿ ನಾಂಪಲ್ಲಿಯ ರಸ್ತೆಗಿಂತಲೂ ಕೆಟ್ಟಿರುತ್ತದೆ.

ಕೂಲರಿನ ವಿಷಯವನ್ನು ನಾವು ಬೇಕೆಂದೇ ತಡವಾಗಿ ಎತ್ತಿಕೊಂಡಿದ್ದೇವೆ, ಏಕೆಂದರೆ ಇದು ನಮಗೆ ಅತ್ಯಂತ ಅನಿರೀಕ್ಷಿತವಾಗಿತ್ತು. ಶ್ವಾಸಕೋಶದ ಅಂಗಾಂಶವೇ ಗಟ್ಟಿಯಾಗುತ್ತ ಹೋಗುವ ಕಾಯಿಲೆಗಳ ಬಗ್ಗೆ ಭಾರತದ 19 ನಗರಗಳ 27 ಕೇಂದ್ರಗಳಲ್ಲಿ 1,084 ರೋಗಿಗಳನ್ನು ಪರೀಕ್ಷಿಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇಕಡಾ 47ರಷ್ಟು ಮಂದಿಗೆ ಇದ್ದದ್ದು ಉಸಿರಾಡಿದ ಶಿಲೀಂಧ್ರಕ್ಕೋ ಹಕ್ಕಿಯ ಪುಕ್ಕದ ಧೂಳಿಗೋ ದೇಹ ತೋರುವ ಅತಿಯಾದ ಪ್ರತಿಕ್ರಿಯೆಯಿಂದ ಬರುವ ಕಾಯಿಲೆ. ಹಾಗೆ ಬಳಲುತ್ತಿದ್ದವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ ಏರ್ ಕೂಲರಿನ ಗಾಳಿಗೆ ಒಡ್ಡಿಕೊಂಡವರು. ಬೇಸಿಗೆಯಲ್ಲಿ ಹೈದರಾಬಾದಿನ ಯಾವ ಓಣಿಗೆ ಹೋದರೂ ಕಿಟಕಿಗೊಂದು ಕೂಲರು ಅಂಟಿಕೊಂಡಿರುತ್ತದೆ. ಅದರ ನಾರಿನ ಪರದೆ ತಿಂಗಳುಗಟ್ಟಲೆ ಒದ್ದೆಯಾಗಿದ್ದು ಬೂಷ್ಟು ಬೆಳೆಯುತ್ತದೆ, ಫ್ಯಾನು ಆ ಬೀಜಕಣಗಳನ್ನು ಮಲಗಿದವರ ಮುಖಕ್ಕೆ ಬೀಸುತ್ತದೆ. ಕೂಲರನ್ನು ಎಸೆಯಬೇಕಾಗಿಲ್ಲ. ವಾರಕ್ಕೊಮ್ಮೆ ನೀರನ್ನು ಪೂರ್ತಿ ಚೆಲ್ಲಿ, ತೊಟ್ಟಿಯನ್ನು ಉಜ್ಜಿ ತೊಳೆದು, ಬಿಸಿಲಿಗೆ ಒಣಗಿಸಿದರೆ ಬೂಷ್ಟಿನ ಜೊತೆಗೆ ಡೆಂಗಿ ಸೊಳ್ಳೆಯ ಮರಿಗಳೂ ನಾಶವಾಗುತ್ತವೆ. ಪ್ರತಿ ಬೇಸಿಗೆಗೆ ಹೊಸ ನಾರು ಹಾಕಿಸಬೇಕು. ಮುಚ್ಚಿದ ಕೋಣೆಯಲ್ಲಿ ಕೂಲರು ಹಾಕಿದರೆ ತೇವ ಹೆಚ್ಚುತ್ತದೆಯೇ ವಿನಾ ತಂಪಾಗುವುದಿಲ್ಲ. ಎದುರಿನ ಕಿಟಕಿ ತೆರೆದಿರಬೇಕು. ಅದೇ ಅಧ್ಯಯನ ಹಕ್ಕಿಗಳ ಮಾತನ್ನೂ ಎತ್ತುತ್ತದೆ. ಬಾಲ್ಕನಿಯಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ಪುಣ್ಯಕಾರ್ಯ ನಮ್ಮ ಕಟ್ಟಡದಲ್ಲಿ ಜೋರಾಗಿಯೇ ನಡೆಯುತ್ತಿತ್ತು. ಒಣಗಿದ ಹಿಕ್ಕೆಯನ್ನು ಪೊರಕೆಯಿಂದ ಗುಡಿಸುವುದಕ್ಕಿಂತ ಕೆಟ್ಟ ಕೆಲಸ ಇನ್ನೊಂದಿಲ್ಲ. ನೀರು ಚಿಮುಕಿಸಿ, ಮೂಗಿಗೆ ಮಾಸ್ಕ್ ಕಟ್ಟಿ ತೆಗೆಯಬೇಕು, ಬಲೆ ಹಾಕಿಸಬೇಕು.

ಹಾಸಿಗೆಯ ಧೂಳಿನಲ್ಲಿ ಕಣ್ಣಿಗೆ ಕಾಣದ ನುಸಿಗಳಿರುತ್ತವೆ. ಉಬ್ಬಸಕ್ಕೂ ಇವುಗಳಿಗೂ ಇರುವ ನಂಟನ್ನು ಹಾಲೆಂಡಿನ ಲೈಡನ್ ನಗರದ ಸಂಶೋಧಕರು 1960ರ ದಶಕದಲ್ಲಿ ತೋರಿಸಿಕೊಟ್ಟರು. ಇವು ಬದುಕುವುದು ತೇವದ ಆಸರೆಯಲ್ಲಿ. ಹಾಸಿಗೆಯ ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಗಾದಿಯನ್ನು ಬಿಸಿಲಿಗೆ ಹಾಕುವ ಹಳೆಯ ಪದ್ಧತಿ ಸರಿಯಾದದ್ದೇ. ಒಣ ಪೊರಕೆಗಿಂತ ಒದ್ದೆ ಬಟ್ಟೆ ಮೇಲು. ಗೋಡೆಯಲ್ಲಿ ತೇವ ಒಸರುತ್ತಿದ್ದರೆ ಬಣ್ಣ ಬಳಿದು ಮುಚ್ಚುವುದರಿಂದ ಪ್ರಯೋಜನವಿಲ್ಲ, ಕೊಳವೆಯನ್ನು ಸರಿಪಡಿಸಬೇಕು. ಕಪಾಟಿನ ನುಸಿಗುಳಿಗೆಯ ಆವಿ ಕೆಲವು ಎಳೆಗೂಸುಗಳ ರಕ್ತಕಣಗಳನ್ನೇ ಒಡೆಯಬಲ್ಲದು. ಬಾಣಂತಿಯರಿರುವ ಮನೆಯವರು ಇದನ್ನು ಮರೆಯಬಾರದು.

ಇವೆಲ್ಲವೂ ನಿಧಾನವಾಗಿ ಕೆಡಿಸುವಂತಹವು. ಒಂದೇ ರಾತ್ರಿಯಲ್ಲಿ ಕೊಲ್ಲುವುದು ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮುಚ್ಚಿದ ಬಚ್ಚಲಿನ ಗ್ಯಾಸ್ ಗೀಸರಿನಿಂದ ಕರ್ನಾಟಕದಲ್ಲಿ ಮತ್ತೆ ಮತ್ತೆ ಸಾವುಗಳು ವರದಿಯಾಗಿವೆ. ಗೀಸರು ಬಚ್ಚಲಿನ ಹೊರಗಿರಬೇಕು, ಅದರ ಹೊಗೆಗೆ ದಾರಿಯಿರಬೇಕು. ಚಳಿಗೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಯೊಳಗೆ ಇಟ್ಟುಕೊಳ್ಳಲೇಬಾರದು. ಇದರಲ್ಲಿ ರಾಜಿಯಿಲ್ಲ.

ಗಾಳಿ ಶುದ್ಧಿಯೆಂದೊಡನೆ ಇಂದಿನ ದಿನಗಳಲ್ಲಿ ಎರಡು ಸಲಹೆಗಳು ತಪ್ಪದೆ ಬರುತ್ತವೆ. ಮೊದಲನೆಯದು ಗಿಡಗಳು. ಅಮೆರಿಕದ ನಾಸಾ ಸಂಸ್ಥೆಯ 1989ರ ಪ್ರಯೋಗದ ಹೆಸರಿನಲ್ಲಿ ಮನಿಪ್ಲಾಂಟು, ಸರ್ಪಪಟ್ಟಿ ಗಿಡಗಳು ಲೆಕ್ಕವಿಲ್ಲದಷ್ಟು ಮಾರಾಟವಾಗಿವೆ. ಆ ಪ್ರಯೋಗ ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಇಂತಹ ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ವಿಮರ್ಶೆಯ ಪ್ರಕಾರ, ತೆರೆದ ಕಿಟಕಿಯಷ್ಟು ಕೆಲಸವನ್ನು ಗಿಡಗಳು ಮಾಡಬೇಕಾದರೆ ನೆಲದ ಪ್ರತಿ ಚದರ ಮೀಟರಿಗೆ ಕನಿಷ್ಠ ಹತ್ತು, ಕೆಲವು ಲೆಕ್ಕದಲ್ಲಿ ಸಾವಿರ ಗಿಡಗಳು ಬೇಕು. ಗಿಡಗಳನ್ನು ಕಣ್ಣಿನ ತಂಪಿಗಾಗಿ ಬೆಳೆಸೋಣ. ಎರಡನೆಯದು ಗಾಳಿ ಶೋಧಿಸುವ ಯಂತ್ರ. ಹೆಪಾ ಎಂಬ ಶೋಧಕವಿರುವ ಯಂತ್ರ 0.3 ಮೈಕ್ರಾನಿನ ಕಣಗಳಲ್ಲಿ ಶೇಕಡಾ 99.97ರಷ್ಟನ್ನು ಹಿಡಿಯಬಲ್ಲದು, ಉಬ್ಬಸದವರ ಮಲಗುವ ಕೋಣೆಗೆ ಉಪಯುಕ್ತವೇ ಸರಿ. ಹನ್ನೆರಡಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು 34 ಘನಮೀಟರ್ ಗಾಳಿಯಿರುತ್ತದೆ. ಗಂಟೆಗೆ ಐದು ಬಾರಿ ಅದನ್ನು ಶೋಧಿಸಬೇಕಾದರೆ ಯಂತ್ರದ ಸಾಮರ್ಥ್ಯ ಗಂಟೆಗೆ 170 ಘನಮೀಟರ್ ಇರಬೇಕು. ಕೊಳ್ಳುವಾಗ ಈ ಅಂಕಿಯನ್ನೇ ಕೇಳಬೇಕು. ಓಜೋನ್ ಬಿಡುವ ಯಂತ್ರಗಳು ಬೇಡ, ಆ ಅನಿಲವೇ ಶ್ವಾಸಕೋಶವನ್ನು ಸುಡುತ್ತದೆ. ಸಾಮಾನ್ಯ ಹೆಪಾ ಶೋಧಕ ಅನಿಲಗಳನ್ನು ಹಿಡಿಯದು. ಸೊಳ್ಳೆಬತ್ತಿ ಹಚ್ಚಿಟ್ಟು ಪಕ್ಕದಲ್ಲಿ ಯಂತ್ರವನ್ನೂ ಓಡಿಸುವುದು ತೂತು ಕೊಡಕ್ಕೆ ನೀರು ಹೊತ್ತಂತೆ. ನಾವು ಇನ್ನೂ ಯಂತ್ರ ಕೊಂಡಿಲ್ಲ.

ನಮ್ಮ ಮನೆಯ ಗಾಳಿ ನಮ್ಮೊಬ್ಬರದೇ ಅಲ್ಲವೆಂಬುದನ್ನು ನಾಂಪಲ್ಲಿ ಬಹಳ ಕಠೋರವಾಗಿ ಕಲಿಸಿದೆ. ಹುಡುಗ ಬಂದುಹೋದ ಅದೇ ವರ್ಷ, 2023ರ ನವೆಂಬರ್ 13ರಂದು, ಇಲ್ಲಿನ ಬಜಾರ್‌ಘಾಟ್‌ನ ವಸತಿ ಕಟ್ಟಡವೊಂದರ ಕೆಳಗೆ ಶೇಖರಿಸಿಟ್ಟಿದ್ದ ರಾಸಾಯನಿಕದ ಪೀಪಾಯಿಗಳಿಗೆ ಬೆಂಕಿ ತಗುಲಿತು. ಬೆಂಕಿಯೂ ಹೊಗೆಯೂ ಮೇಲಿನ ಮಹಡಿಗಳಿಗೆ ಏರಿ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ಮೆಟ್ಟಿಲ ದಾರಿ ಗಾಳಿಗೆ ಹೇಗೋ ಹೊಗೆಗೂ ಹಾಗೆಯೇ ದಾರಿ. ಅಂದಿನಿಂದ ನಮ್ಮ ಕಟ್ಟಡದವರು ಕೂಡಿ ನೆಲಮಾಳಿಗೆಯಲ್ಲಿದ್ದ ಬಣ್ಣದ ಡಬ್ಬಿ, ತಿನ್ನರ್, ಹಳೆಯ ಫೋಮುಗಳನ್ನು ಸಾಗಿಸಿದೆವು. ಮೆಟ್ಟಿಲ ಮೇಲಿನ ಕಿಟಕಿಗೆ ಹೊಡೆದಿದ್ದ ಹಲಗೆಯನ್ನು ಕಿತ್ತೆವು. ಜನರೇಟರಿನ ಹೊಗೆಕೊಳವೆ ಮೊದಲ ಮಹಡಿಯವರ ಕಿಟಕಿಗೆ ಮುಖ ಮಾಡಿದೆ. ಆ ವಿಷಯ ಮೂರು ಸಭೆಗಳಲ್ಲಿ ಚರ್ಚೆಯಾಗಿದೆ, ಕೊಳವೆ ಇನ್ನೂ ತಿರುಗಿಲ್ಲ.

2025ರ ಮೃಗಶಿರಕ್ಕೆ ಅದೇ ಬಂಧುಗಳು ಮತ್ತೆ ಬಂದರು. ಹುಡುಗನಿಗೆ ಈಗ ಹನ್ನೊಂದು ವರ್ಷ; ಊರಿನ ವೈದ್ಯರ ಇನ್ಹೇಲರು ತಪ್ಪದೆ ನಡೆಯುತ್ತಿದೆ, ಈ ಬಾರಿ ಚೀಲದ ಮೇಲುಜೇಬಿನಲ್ಲಿತ್ತು. ಅವನ ಅಜ್ಜಿ ಸಂಜೆ ಸಾಂಬ್ರಾಣಿಯ ಧೂಪಾರತಿ ಹಿಡಿದು ಒಳಗೆ ಹೊರಟಾಗ ನಾವು ಸಂಕೋಚದಿಂದಲೇ ಬಾಲ್ಕನಿಯತ್ತ ಕೈ ತೋರಿಸಿದೆವು. ದೇವರಿಗೆ ಹೊರಗಿನಿಂದಲೂ ಕಾಣುತ್ತದೆಯೇ ಎಂದು ಕೇಳಿದರು, ಆದರೆ ಹೋದರು. ಒಗ್ಗರಣೆಯ ಹೊತ್ತಿಗೆ ಎರಡೂ ಕಿಟಕಿ ತೆರೆದಿದ್ದವು. ಕೆಮ್ಮು ಒಂದೆರಡು ಬಾರಿ ಕೇಳಿತು. ರಾತ್ರಿ ಹುಡುಗನನ್ನು ಸೊಳ್ಳೆಪರದೆಯೊಳಗೆ ಮಲಗಿಸಿದೆವು. ಎರಡು ಗಂಟೆಗೆ ಅಭ್ಯಾಸಬಲದಿಂದ ನಮಗೆ ಎಚ್ಚರವಾಯಿತು. ಅವನು ಮಗ್ಗುಲು ಬದಲಿಸಿ ನಿದ್ದೆ ಹೋಗಿದ್ದ. ಬೆಳಿಗ್ಗೆ ಎದ್ದವನೇ, ಪರದೆಯೊಳಗೆ ಒಂದು ಸೊಳ್ಳೆ ಸೇರಿಕೊಂಡು ರಾತ್ರಿಯಿಡೀ ಕಿವಿಯಲ್ಲಿ ಹಾಡಿತೆಂದು ದೂರಿದ.